ಬಸುರಿಯ ಬಿ.ಪಿ. ಮತ್ತು ಮೂತ್ರದ ಸುಳಿವು: ತಾಯಿಯ, ಹಸುಗೂಸಿನ ಮೂತ್ರದಲ್ಲಿ ಪ್ರಿಎಕ್ಲಾಂಪ್ಸಿಯಾ ಹುಡುಕುವುದು ಹೇಗೆ?

ಏಳನೇ ತಿಂಗಳ ಚೆಕಪ್‌ನಲ್ಲಿ ಬಿ.ಪಿ. 142/92 ಬಂದಿದೆ. ಲ್ಯಾಬ್ ಚೀಟಿಯಲ್ಲಿ ‘ಯೂರಿನ್ ಆಲ್ಬುಮಿನ್ 1+’ ಎಂದಿದೆ, ಅಂದರೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆ. ಡಾಕ್ಟರು ‘ಪ್ರಿಎಕ್ಲಾಂಪ್ಸಿಯಾ ಇರಬಹುದು, ಅಡ್ಮಿಟ್ ಆಗಿ, ನೋಡೋಣ’ ಎನ್ನುತ್ತಾರೆ. ಮನೆಯವರಿಗೆ ಆ ಹೆಸರೇ ಹೊಸದು. ಬಸುರಿಯನ್ನು ನೋಡಿದರೆ ಊಟ ಸೇರುತ್ತಿದೆ, ಮಗು ಚೆನ್ನಾಗಿ ಒದೆಯುತ್ತಿದೆ, ನೋವಿಲ್ಲ, ಜ್ವರವಿಲ್ಲ. ‘ಬಸಿರಲ್ಲಿ ಕಾಲು ಊದೋದು ಎಲ್ಲರಿಗೂ ಇದ್ದದ್ದೇ, ಅಷ್ಟಕ್ಕೆಲ್ಲ ಆಸ್ಪತ್ರೆ ಸೇರಬೇಕಾ?’ ಎಂದು ಅತ್ತೆಯೋ ಅಮ್ಮನೋ ಕೇಳುವುದು ಸಹಜ.

ಆ ‘1+’ ಎಲ್ಲಿಂದ ಬಂತು ಎನ್ನುವುದು ಗೊತ್ತಾದರೆ ಡಾಕ್ಟರ ಆತಂಕ ಅರ್ಥವಾಗುತ್ತದೆ. ಅದಕ್ಕಿಂತ ಮೊದಲೇ ಸುಳಿವು ಕೊಡುವ ಬೇರೆ ವಸ್ತುಗಳು ಮೂತ್ರದಲ್ಲಿ ಇವೆಯಾ ಎಂದು ಎರಡು ದಶಕದಿಂದ ಹುಡುಕಾಟ ನಡೆದಿದೆ. ಹೀಗೆ ದೇಹದೊಳಗೆ ನಡೆಯುತ್ತಿರುವುದನ್ನು ಹೊರಗೆ ತೋರಿಸುವ, ಅಳೆಯಲು ಬರುವ ಗುರುತಿಗೆ ಬಯೋಮಾರ್ಕರ್ ಎನ್ನುತ್ತಾರೆ. ಈಗ ಹುಟ್ಟಿದ ಮಗುವಿನ ಮೂತ್ರದಲ್ಲೂ ಇಂಥ ಗುರುತುಗಳನ್ನು ಹುಡುಕುತ್ತಿದ್ದಾರೆ.

ಏನಿದು ಕಾಯಿಲೆ?

ಬಸಿರಿನ 20 ವಾರ ದಾಟಿದ ಮೇಲೆ ಹೊಸದಾಗಿ ಬಿ.ಪಿ. 140/90 ಅಥವಾ ಅದಕ್ಕಿಂತ ಜಾಸ್ತಿಯಾಗಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅದು ಪ್ರಿಎಕ್ಲಾಂಪ್ಸಿಯಾ. ಮೂತ್ರದಲ್ಲಿ ಪ್ರೋಟೀನ್ ಇಲ್ಲದಿದ್ದರೂ ಬಿ.ಪಿ. ಜೊತೆಗೆ ಪ್ಲೇಟ್‌ಲೆಟ್ ಇಳಿದಿದ್ದರೆ, ಲಿವರ್ ಅಥವಾ ಮೂತ್ರಪಿಂಡಕ್ಕೆ ತೊಂದರೆಯಾಗಿದ್ದರೆ, ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ, ಬಿಡದ ತಲೆನೋವಿದ್ದರೆ ಈಗ ಅದನ್ನೂ ಇದೇ ಕಾಯಿಲೆ ಎಂದು ಲೆಕ್ಕ ಹಾಕುತ್ತಾರೆ. ಅಮೆರಿಕದ ಪ್ರಸೂತಿ ತಜ್ಞರ ಸಂಘ ಈ ಬದಲಾವಣೆ ಮಾಡಿದ್ದು 2013ರಲ್ಲಿ. ಅದಕ್ಕೂ ಮೊದಲು ಮೂತ್ರದಲ್ಲಿ ಪ್ರೋಟೀನ್ ಇರಲೇಬೇಕಿತ್ತು.

ಬರೀ ಬಿ.ಪಿ. ಜಾಸ್ತಿಯಾಗಿ ಬೇರೇನೂ ಇಲ್ಲದಿದ್ದರೆ ಅದು ಬಸಿರಿನ ಬಿ.ಪಿ. ಅಷ್ಟೇ. ಆದರೆ ಅದು ವಾರ ಎರಡು ವಾರದಲ್ಲಿ ಪ್ರಿಎಕ್ಲಾಂಪ್ಸಿಯಾ ಆಗಿ ತಿರುಗಬಹುದು. ಹಾಗಾಗಿ ಅದನ್ನೂ ಬಿಡುವಂತಿಲ್ಲ. ಇನ್ನು ಕಾಲು ಊದುವುದು: ಬಸುರಿಯರಲ್ಲಿ ಅದು ಎಷ್ಟು ಸಾಮಾನ್ಯ ಎಂದರೆ ಕಾಯಿಲೆ ಗುರುತಿಸುವ ಪಟ್ಟಿಯಿಂದಲೇ ಅದನ್ನು ತೆಗೆದುಹಾಕಿದ್ದಾರೆ. ಆ ಮಟ್ಟಿಗೆ ಅತ್ತೆಯ ಮಾತು ಸರಿಯೇ. ಮುಖ, ಕೈ ಇದ್ದಕ್ಕಿದ್ದಂತೆ ಊದಿದರೆ ಮಾತ್ರ ತೋರಿಸಬೇಕು.

ಪ್ರಪಂಚದಲ್ಲಿ ನೂರು ಬಸುರಿಯರಲ್ಲಿ 2ರಿಂದ 8 ಮಂದಿಗೆ ಇದು ಬರುತ್ತದೆ. ಚೊಚ್ಚಲು ಬಸಿರು, ಅವಳಿ ಮಕ್ಕಳು, ಹಿಂದಿನ ಬಸಿರಲ್ಲಿ ಇದೇ ಕಾಯಿಲೆ ಬಂದಿದ್ದು, ಮೊದಲೇ ಇರುವ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ, ಜಾಸ್ತಿ ತೂಕ, ತಾಯಿಗೋ ಅಕ್ಕ ತಂಗಿಗೋ ಬಂದಿದ್ದು: ಇಂಥವರಲ್ಲಿ ಸಾಧ್ಯತೆ ಹೆಚ್ಚು. ಕೈಮೀರಿದರೆ ಫಿಟ್ಸ್ ಬರುತ್ತದೆ. ಅದಕ್ಕೆ ಎಕ್ಲಾಂಪ್ಸಿಯಾ ಎನ್ನುತ್ತಾರೆ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ ಬರುವುದು ಆ ಹಂತದಲ್ಲಿ, ಇಲ್ಲವೇ ಮೆದುಳಲ್ಲಿ ರಕ್ತಸ್ರಾವವಾದಾಗ, ಲಿವರ್ ಕೈಕೊಟ್ಟಾಗ.

ಶುರುವಾಗುವುದು ಮಾಸಿನಲ್ಲಿ

ಮೂತ್ರದಲ್ಲಿ ಪ್ರೋಟೀನ್ ಕಾಣುತ್ತದೆ ಎಂದ ಮಾತ್ರಕ್ಕೆ ಇದು ಮೂತ್ರಪಿಂಡದ ಕಾಯಿಲೆ ಅಂದುಕೊಳ್ಳಬೇಡಿ. ಬೇರು ಇರುವುದು ಮಾಸಿನಲ್ಲಿ, ಅಂದರೆ ಮಗುವಿಗೆ ರಕ್ತ ಪೂರೈಸುವ, ಹೆರಿಗೆಯಾದ ಮೇಲೆ ಬೀಳುವ ಪ್ಲಸೆಂಟಾದಲ್ಲಿ.

ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯೊಳಗೆ ನುಗ್ಗಿ, ಅಲ್ಲಿರುವ ತಾಯಿಯ ಸಣ್ಣ ಸುರುಳಿ ರಕ್ತನಾಳಗಳನ್ನು ಅಗಲ ಮಾಡುತ್ತವೆ. ಆಗ ಮಗುವಿಗೆ ಧಾರಾಳವಾಗಿ ರಕ್ತ ಸಿಗುತ್ತದೆ. ಕೆಲವರಲ್ಲಿ ಈ ಕೆಲಸ ಅರ್ಧಂಬರ್ಧ ಆಗುತ್ತದೆ. ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ಮಾಸಿಗೆ ಸಾಕಷ್ಟು ಆಮ್ಲಜನಕ ಸಿಗದೆ ಅದು ತಾಯಿಯ ರಕ್ತಕ್ಕೆ ಕೆಲವು ವಸ್ತುಗಳನ್ನು ಮಿತಿಮೀರಿ ಬಿಡಲು ಶುರು ಮಾಡುತ್ತದೆ. ಎಲ್ಲರಲ್ಲೂ ಇದೇ ದಾರಿಯಲ್ಲಿ ಕಾಯಿಲೆ ಬರುತ್ತದೆ ಎಂದಲ್ಲ. ಆದರೆ ಬೇಗ ಶುರುವಾಗುವ, ತೀವ್ರ ರೂಪದ ಕಾಯಿಲೆಯಲ್ಲಿ ಬಹುಮಟ್ಟಿಗೆ ನಡೆಯುವುದು ಇದೇ.

ಹಾಗೆ ಮಾಸು ಬಿಡುವ ವಸ್ತುಗಳಲ್ಲಿ ಮುಖ್ಯವಾದದ್ದರ ಹೆಸರು ಎಸ್‌ಎಫ್‌ಎಲ್‌ಟಿ-1. ನಮ್ಮ ರಕ್ತನಾಳಗಳ ಒಳಪದರ ಆರೋಗ್ಯವಾಗಿರಲು ಎರಡು ಪ್ರೋಟೀನ್‌ಗಳು ಬೇಕು. ಒಂದು ವಿಇಜಿಎಫ್, ಇನ್ನೊಂದು ಮಾಸೇ ತಯಾರಿಸುವ ಪಿಎಲ್‌ಜಿಎಫ್. ಎಸ್‌ಎಫ್‌ಎಲ್‌ಟಿ-1 ರಕ್ತದಲ್ಲಿ ಓಡಾಡುತ್ತಾ ಇವೆರಡನ್ನೂ ಹಿಡಿದುಕೊಂಡುಬಿಡುತ್ತದೆ. ರಕ್ತನಾಳಗಳಿಗೆ ಅವು ಸಿಗುವುದಿಲ್ಲ. ನಾಳಗಳು ಬಿಗಿಯುತ್ತವೆ, ಬಿ.ಪಿ. ಏರುತ್ತದೆ, ಒಳಪದರ ಸೋರುತ್ತದೆ. ಭಾರತ ಮೂಲದ ವೈದ್ಯ ವಿಜ್ಞಾನಿ ಅನಂತ್ ಕರುಮಂಚಿ ಮತ್ತು ಸಂಗಡಿಗರು 2003ರಲ್ಲಿ ಇಲಿಗಳಿಗೆ ಈ ಒಂದು ಪ್ರೋಟೀನನ್ನು ಜಾಸ್ತಿ ಮಾಡಿ ನೋಡಿದರು. ಇಲಿಗಳಿಗೆ ಬಿ.ಪಿ. ಬಂತು, ಮೂತ್ರದಲ್ಲಿ ಪ್ರೋಟೀನ್ ಹೋಯಿತು. ಮುಂದಿನ ಬಹುಪಾಲು ಹುಡುಕಾಟಕ್ಕೆ ದಾರಿ ತೋರಿಸಿದ್ದು ಆ ಪ್ರಯೋಗ.

ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಹೇಗೆ?

ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸೋಸುವ ಘಟಕಗಳಿರುತ್ತವೆ. ಪ್ರತಿಯೊಂದರಲ್ಲೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೊಂಚಲು ಇರುತ್ತದೆ. ಆ ನಾಳಗಳ ಹೊರಗೆ ಬೆರಳು ಬೆರಳಾಗಿ ಚಾಚಿಕೊಂಡ ಜೀವಕೋಶಗಳು ತಬ್ಬಿ ಕೂತಿರುತ್ತವೆ. ಇವುಗಳ ಹೆಸರು ಪೋಡೋಸೈಟ್. ನೀರು, ಉಪ್ಪು, ಯೂರಿಯಾ ಈ ಬೆರಳುಗಳ ಸಂದಿಯಲ್ಲಿ ಹಾದುಹೋಗುತ್ತವೆ. ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನ್ ಹೋಗುವುದಿಲ್ಲ. ಹೋದ ಅಲ್ಪಸ್ವಲ್ಪವನ್ನೂ ಮುಂದಿನ ಸಣ್ಣ ಕೊಳವೆ ವಾಪಸ್ ಎಳೆದುಕೊಳ್ಳುತ್ತದೆ.

ನಾಳದ ಒಳಪದರ ಚೆನ್ನಾಗಿರಲು ಬೇಕಾದ ವಿಇಜಿಎಫ್ ಅನ್ನು ಇಲ್ಲಿ ತಯಾರಿಸುವುದು ಈ ಪೋಡೋಸೈಟ್‌ಗಳೇ. ಎಸ್‌ಎಫ್‌ಎಲ್‌ಟಿ-1 ಬಂದು ಅದನ್ನು ಕಸಿದುಕೊಂಡಾಗ ಒಳಪದರದ ಕೋಶಗಳು ಊದಿಕೊಂಡು ನಾಳವನ್ನೇ ಕಟ್ಟುತ್ತವೆ. ಪೋಡೋಸೈಟ್‌ಗಳೂ ಸಡಿಲವಾಗಿ ಕೆಲವು ಕಳಚಿ ಬೀಳುತ್ತವೆ. ಆಗ ಆಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ಚೀಟಿಯ ‘1+’ ಬಂದಿದ್ದು ಹೀಗೆ.

ಇಲ್ಲಿ ಗಮನಿಸಬೇಕಾದ್ದು ಹೊತ್ತಿನ ಲೆಕ್ಕ. ಮಾಸಿನಲ್ಲಿ ಎಡವಟ್ಟಾಗಿದ್ದು ಮೂರನೇ ನಾಲ್ಕನೇ ತಿಂಗಳಲ್ಲಿ. ಪ್ರೋಟೀನ್ ಕಂಡಿದ್ದು ಏಳು ಎಂಟನೇ ತಿಂಗಳಲ್ಲಿ. ನಡುವೆ ಇಷ್ಟೊಂದು ತಿಂಗಳು ಕಾಯಿಲೆ ಸದ್ದಿಲ್ಲದೆ ಬೆಳೆದಿರುತ್ತದೆ. ಹೊಸ ಬಯೋಮಾರ್ಕರ್‌ಗಳ ಹುಡುಕಾಟವೆಲ್ಲ ಈ ನಡುವಿನ ತಿಂಗಳುಗಳಿಗಾಗಿ.

ಹಳೆಯ ಗುರುತು: ಆಲ್ಬುಮಿನ್

ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲಿವರ್ ಎಂಬ ವೈದ್ಯರು 1843ರಲ್ಲಿ ಫಿಟ್ಸ್ ಬಂದ ಬಸುರಿಯರ ಮೂತ್ರವನ್ನು ಕಾಯಿಸಿ ನೋಡಿದರು. ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆ ಮೂತ್ರದಲ್ಲಿರುವ ಆಲ್ಬುಮಿನ್ ಶಾಖಕ್ಕೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಆಗ ಬಿ.ಪಿ. ನೋಡುವ ಪಟ್ಟಿಯೇ ಇರಲಿಲ್ಲ. ಹಾಗಾಗಿ ಈ ಕಾಯಿಲೆಯಲ್ಲಿ ಮೊದಲು ಸಿಕ್ಕ ಗುರುತು ಮೂತ್ರದ್ದು, ಬಿ.ಪಿ. ಸೇರಿದ್ದು ಆಮೇಲೆ. ಟೆಸ್ಟ್ ಟ್ಯೂಬಿನ ಮೇಲ್ಭಾಗ ಕಾಯಿಸಿ, ಎರಡು ಹನಿ ಅಸಿಟಿಕ್ ಆಸಿಡ್ ಹಾಕಿ ನೋಡುವ ಪದ್ಧತಿ ನಮ್ಮ ಸಣ್ಣ ಲ್ಯಾಬ್‌ಗಳಲ್ಲಿ ತುಂಬಾ ಕಾಲ ಇತ್ತು.

ಈಗಿರುವುದು ಬಣ್ಣದ ಪಟ್ಟಿ. ಅದರ ತುದಿಯ ಹಳದಿ ಚೌಕದಲ್ಲಿ ಆಲ್ಬುಮಿನ್ ತಗುಲಿದರೆ ಬಣ್ಣ ಬದಲಿಸುವ ಒಂದು ರಾಸಾಯನಿಕ ಇರುತ್ತದೆ. ಮೂತ್ರದಲ್ಲಿ ಅದ್ದಿ ತೆಗೆದು, ಅಂಚಿಗೆ ತಾಗಿಸಿ ಹೆಚ್ಚಿನದನ್ನು ಇಳಿಸಿ, ಸುಮಾರು ಒಂದು ನಿಮಿಷ ಕಾದು, ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಹಿಡಿದು ನೋಡಬೇಕು. ಹಳದಿಯೇ ಉಳಿದರೆ ಇಲ್ಲ ಎಂದರ್ಥ. ತಿಳಿಹಸಿರಿನಿಂದ ನೀಲಿಹಸಿರಿನ ಕಡೆಗೆ ಹೋದಷ್ಟೂ ಪ್ರೋಟೀನ್ ಜಾಸ್ತಿ. 1+ ಅಂದರೆ 100 ಮಿಲಿಲೀಟರ್ ಮೂತ್ರದಲ್ಲಿ ಅಂದಾಜು 30 ಮಿಲಿಗ್ರಾಂ, 2+ ಅಂದರೆ 100, 3+ ಅಂದರೆ 300.

ಅಗ್ಗ, ಸುಲಭ, ಆದರೆ ಎಡವುವುದೂ ಅಷ್ಟೇ ಸುಲಭ. ಬಿಳಿ ಹೋಗುತ್ತಿದ್ದರೆ, ಉರಿಮೂತ್ರದ ಸೋಂಕು ಇದ್ದರೆ ಕಾಯಿಲೆ ಇಲ್ಲದೆಯೂ ಪ್ಲಸ್ ಬರಬಹುದು. ಡಬ್ಬಿಯ ಮುಚ್ಚಳ ತೆರೆದಿಟ್ಟು ತೇವ ಹಿಡಿದ ಪಟ್ಟಿ ಏನು ಬೇಕಾದರೂ ತೋರಿಸೀತು. ಅದಕ್ಕೇ ಮೊದಲು ಸ್ವಲ್ಪ ಹೊರಗೆ ಹೋಗಿಸಿ, ನಡುವಿನ ಮೂತ್ರವನ್ನು ಹಿಡಿದು ಕೊಡಿ ಎಂದು ನರ್ಸ್ ಹೇಳುವುದು. ಅದು ಸುಮ್ನೆ ಹೇಳುವ ಮಾತಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ನೀರಿನದು. ಬೆಳಗ್ಗೆ ಎದ್ದ ತಕ್ಷಣದ ಮೂತ್ರ ಗಟ್ಟಿಯಾಗಿರುತ್ತದೆ, ಒಂದು ಚೊಂಬು ನೀರು ಕುಡಿದ ಮೇಲಿನದು ತೆಳ್ಳಗಿರುತ್ತದೆ. ಪಟ್ಟಿಗೆ ಗೊತ್ತಾಗುವುದು ಎಷ್ಟು ಸಾಂದ್ರವಾಗಿದೆ ಎನ್ನುವುದಷ್ಟೇ. ದಿನಕ್ಕೆ ಒಟ್ಟು ಎಷ್ಟು ಪ್ರೋಟೀನ್ ಹೋಗುತ್ತಿದೆ ಎನ್ನುವುದು ಅದಕ್ಕೆ ತಿಳಿಯುವುದಿಲ್ಲ.

ಕ್ರಿಯಾಟಿನಿನ್ ಯಾಕೆ ಅಳೆಯುತ್ತಾರೆ?

ಇದಕ್ಕೆ ಹಳೆಯ ಪರಿಹಾರ 24 ಗಂಟೆಯ ಮೂತ್ರ ಸಂಗ್ರಹ. ದೊಡ್ಡ ಕ್ಯಾನ್ ಕೊಡುತ್ತಾರೆ. ಬೆಳಗಿನ ಮೊದಲ ಮೂತ್ರ ಚೆಲ್ಲಿ, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಎಲ್ಲವನ್ನೂ ಅದರಲ್ಲಿ ಹಿಡಿಯಬೇಕು. 300 ಮಿಲಿಗ್ರಾಂ ಅಥವಾ ಜಾಸ್ತಿ ಪ್ರೋಟೀನ್ ಸಿಕ್ಕರೆ ಕಾಯಿಲೆಯ ಲೆಕ್ಕ. ತುಂಬು ಬಸುರಿಗೆ ಇದು ಎಂಥ ಕಷ್ಟ ಎಂದು ಹಿಡಿದವರಿಗೇ ಗೊತ್ತು. ರಾತ್ರಿ ನಿದ್ದೆಗಣ್ಣಲ್ಲಿ ಒಂದು ಸಲ ತಪ್ಪಿದರೂ ಲೆಕ್ಕ ಹೋಯಿತು.

ಸುಲಭದ ದಾರಿ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ. ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ದಿನವಿಡೀ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬೀಳುವ ಕಸ. ಸಾರಿಗೆ ಒಂದು ಲೋಟ ನೀರು ಜಾಸ್ತಿ ಸುರಿದರೆ ಉಪ್ಪೂ ಸಪ್ಪೆಯಾಗುತ್ತದೆ, ಹುಳಿಯೂ ಸಪ್ಪೆಯಾಗುತ್ತದೆ. ಆದರೆ ಉಪ್ಪಿಗೆ ಹುಳಿ ಎಷ್ಟು ಎಂಬ ಲೆಕ್ಕ ಬದಲಾಗುವುದಿಲ್ಲ, ಅಲ್ವಾ? ಹಾಗೆಯೇ ಮೂತ್ರ ತೆಳುವಾದರೂ ಗಟ್ಟಿಯಾದರೂ ಪ್ರೋಟೀನನ್ನು ಕ್ರಿಯಾಟಿನಿನ್‌ನಿಂದ ಭಾಗಿಸಿದಾಗ ಬರುವ ಸಂಖ್ಯೆ ಹೆಚ್ಚು ಅಲುಗಾಡುವುದಿಲ್ಲ. ಒಂದೇ ಸಲದ ಮೂತ್ರ ಸಾಕು. ಎರಡನ್ನೂ ಮಿಲಿಗ್ರಾಂನಲ್ಲಿ ಅಳೆದಾಗ 0.3 ಅಥವಾ ಹೆಚ್ಚು ಬಂದರೆ ಪ್ರೋಟೀನ್ ಜಾಸ್ತಿ ಎಂದರ್ಥ. ಮುಂದೆ ಹೇಳುವ ಹೊಸ ಗುರುತುಗಳನ್ನೂ ಬಹುತೇಕ ಹೀಗೆ ಕ್ರಿಯಾಟಿನಿನ್ ಜೊತೆ ಹೋಲಿಸಿಯೇ ಹೇಳುತ್ತಾರೆ.

ಪ್ರೋಟೀನ್‌ಗಿಂತ ಮೊದಲೇ ಏನಾದರೂ ಸಿಗುತ್ತದಾ?

ಒಂದೊಂದು ಗುರುತು ಒಂದೊಂದು ಜಾಗದಿಂದ ಬರುತ್ತದೆ. ಎಲ್ಲಿಂದ ಬಂತು ಎಂದು ನೋಡಿಕೊಂಡರೆ ಹೆಸರುಗಳ ಗೋಜಲು ಕಡಿಮೆಯಾಗುತ್ತದೆ.

ಮಾಸಿನಿಂದ ಬರುವುದು ಪಿಎಲ್‌ಜಿಎಫ್. ಇದು ಸಣ್ಣ ಪ್ರೋಟೀನ್. ಸೋಸುವ ಜಾಗ ಸರಿಯಾಗಿದ್ದರೂ ಮೂತ್ರಕ್ಕೆ ಇಳಿಯುತ್ತದೆ. ಎಸ್‌ಎಫ್‌ಎಲ್‌ಟಿ-1 ದೊಡ್ಡದು, ಅದು ಇಳಿಯುವುದಿಲ್ಲ. ಹಾಗಾಗಿ ಮೂತ್ರದಲ್ಲಿ ಹುಡುಕಬೇಕಾದದ್ದು ಪಿಎಲ್‌ಜಿಎಫ್ ಎಂದು ಅಮೆರಿಕದ ರಿಚರ್ಡ್ ಲೆವಿನ್ ತಂಡ ಯೋಚಿಸಿತು. 2005ರಲ್ಲಿ ಅವರು ಕಂಡದ್ದು ಇದು: ಸಹಜ ಬಸಿರಲ್ಲಿ ಮೂತ್ರದ ಪಿಎಲ್‌ಜಿಎಫ್ ತಿಂಗಳು ತುಂಬಿದಂತೆ ಏರಿ, 29–32 ವಾರಕ್ಕೆ ತುದಿ ಮುಟ್ಟಿ, ಮತ್ತೆ ಇಳಿಯುತ್ತದೆ. ಮುಂದೆ ಪ್ರಿಎಕ್ಲಾಂಪ್ಸಿಯಾ ಬರಲಿರುವವರಲ್ಲಿ ಅದು ಬಿ.ಪಿ. ಏರುವ ವಾರಗಳ ಮೊದಲೇ ಕಡಿಮೆ ಇತ್ತು. 37 ವಾರಕ್ಕೆ ಮೊದಲೇ ಕಾಯಿಲೆ ಬಿದ್ದವರಲ್ಲಿ ಈ ವ್ಯತ್ಯಾಸ ಹೆಚ್ಚು ಎದ್ದು ಕಂಡಿತು. ಇಲ್ಲಿ ಸ್ವಲ್ಪ ನಿಲ್ಲಿ. ಆಲ್ಬುಮಿನ್ ಜಾಸ್ತಿಯಾದರೆ ಕಾಯಿಲೆ, ಪಿಎಲ್‌ಜಿಎಫ್ ಕಡಿಮೆಯಾದರೆ ಕಾಯಿಲೆ. ರಿಪೋರ್ಟ್ ನೋಡಿ ‘ಕಡಿಮೆ ಇದೆ, ಒಳ್ಳೇದೇ’ ಎಂದುಕೊಳ್ಳುವಂತಿಲ್ಲ.

ಸೋಸುವ ಜಾಗದಿಂದ ಬರುವುದು ಕಳಚಿ ಬಿದ್ದ ಪೋಡೋಸೈಟ್‌ಗಳು, ಮತ್ತು ಅವುಗಳ ಭಾಗವಾದ ನೆಫ್ರಿನ್, ಪೋಡೋಸಿನ್ ಎಂಬ ಪ್ರೋಟೀನ್‌ಗಳು. ಅಮೆರಿಕದ ಮೇಯೋ ಕ್ಲಿನಿಕ್‌ನ ವೆಸ್ನಾ ಗರೋವಿಕ್ ತಂಡ 2007ರಲ್ಲಿ ಕಾಯಿಲೆ ಬಂದವರ ಮೂತ್ರದಲ್ಲಿ ಈ ಕೋಶಗಳನ್ನು ತೋರಿಸಿತು. 2013ರಲ್ಲಿ, ಪ್ರೋಟೀನ್ ಕಾಣುವ ಮೊದಲೇ ಇವು ಮೂತ್ರದಲ್ಲಿ ಇರುತ್ತವೆ ಎಂದು ವರದಿ ಮಾಡಿತು. ಕೇಳಲು ಇದು ಭರ್ಜರಿಯಾಗಿದೆ. ಆದರೆ ನಂತರ ಬೇರೆಯವರು ನೋಡಿದಾಗ ಕಾಯಿಲೆ ಇರುವವರಿಗೂ ಇಲ್ಲದವರಿಗೂ ಅಷ್ಟು ಸ್ಪಷ್ಟ ಅಂತರ ಸಿಗಲಿಲ್ಲ. ಮೇಲಾಗಿ ಮೂತ್ರದಲ್ಲಿರುವ ಬೆರಳೆಣಿಕೆಯ ಕೋಶಗಳನ್ನು ಬೇರ್ಪಡಿಸಿ, ಬಣ್ಣ ಕಟ್ಟಿ, ಎಣಿಸುವುದು ತಾಲೂಕು ಆಸ್ಪತ್ರೆಯ ಲ್ಯಾಬ್‌ನಲ್ಲಿ ಆಗುವ ಕೆಲಸವಲ್ಲ.

ಸೋಸಿದ ಮೇಲೆ ಮೂತ್ರ ಹರಿಯುವ ಸಣ್ಣ ಕೊಳವೆಗಳಿಂದ ಬರುವವು ಎನ್‌ಗ್ಯಾಲ್ ಮತ್ತು ಕಿಮ್-1 ಎಂಬ ಪ್ರೋಟೀನ್‌ಗಳು. ಕೊಳವೆಯ ಕೋಶಗಳಿಗೆ ಗಾಯವಾದಾಗ ಇವು ಏರುತ್ತವೆ. ಇವು ಪ್ರಿಎಕ್ಲಾಂಪ್ಸಿಯಾಕ್ಕೇ ಸೀಮಿತವಲ್ಲ. ಯಾವ ಕಾರಣಕ್ಕೆ ಮೂತ್ರಪಿಂಡಕ್ಕೆ ಪೆಟ್ಟಾದರೂ ಏರಬಹುದು. ಇವುಗಳ ಹೆಸರನ್ನು ನೆನಪಿಟ್ಟುಕೊಳ್ಳಿ, ಮಗುವಿನ ವಿಷಯಕ್ಕೆ ಬಂದಾಗ ಮತ್ತೆ ಸಿಗುತ್ತವೆ.

ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸಿದ್ದು ಕಾಂಗೋ ರೆಡ್. ಇದು 1880ರ ದಶಕದಲ್ಲಿ ಜರ್ಮನಿಯಲ್ಲಿ ಹತ್ತಿ ಬಟ್ಟೆಗೆ ಹಾಕಲೆಂದು ಕಂಡುಹಿಡಿದ ಕೆಂಪು ಬಣ್ಣ. ಮಡಿಕೆ ತಪ್ಪಿ ಗಂಟುಕಟ್ಟಿದ ಪ್ರೋಟೀನ್‌ಗಳಿಗೆ ಈ ಬಣ್ಣ ಅಂಟಿಕೊಳ್ಳುತ್ತದೆ. ಮರೆವಿನ ಕಾಯಿಲೆಯಾದ ಅಲ್ಜೈಮರ್ಸ್‌ನಲ್ಲಿ ಮೆದುಳಲ್ಲಿ ಕಟ್ಟುವ ಗಂಟುಗಳನ್ನು ನೋಡಲು ಬಳಸುವುದು ಇದನ್ನೇ. ಅಮೆರಿಕದಲ್ಲಿರುವ ಇರಿನಾ ಬುಹಿಮ್ಶಿ ಮತ್ತು ಸಂಗಡಿಗರು, ಪ್ರಿಎಕ್ಲಾಂಪ್ಸಿಯಾ ಬಂದವರ ಮೂತ್ರದಲ್ಲೂ ಹೀಗೆ ಮಡಿಕೆ ತಪ್ಪಿದ ಪ್ರೋಟೀನ್‌ಗಳಿವೆ ಎಂದು 2014ರಲ್ಲಿ ತೋರಿಸಿದರು. ಆಮೇಲೆ ಅದನ್ನು ಕಾಗದದ ಪರೀಕ್ಷೆಯಾಗಿ ಇಳಿಸಿದರು. ಮೂತ್ರಕ್ಕೆ ಬಣ್ಣ ಬೆರೆಸಿ, ಒಂದು ಹನಿಯನ್ನು ಕಾಗದದ ಮೇಲೆ ಬಿಟ್ಟು, ಬಣ್ಣ ಹೇಗೆ ಹರಡುತ್ತದೆ ಎಂದು ಕಣ್ಣಲ್ಲೇ ನೋಡುವುದು. ಕೆಲವೇ ನಿಮಿಷದ ಕೆಲಸ. ಒಹಾಯೋ ರಾಜ್ಯದಲ್ಲಿ 346 ಗರ್ಭಿಣಿಯರ ಮೇಲೆ ನರ್ಸ್‌ಗಳೇ ಮಾಡಿದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಸಲ ಅದು ಸರಿ ಹೇಳಿತ್ತು. ಕರೆಂಟು, ಯಂತ್ರ ಬೇಡದ ಪರೀಕ್ಷೆ ಎಂಬ ಕಾರಣಕ್ಕೆ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳ ಮಟ್ಟಿಗೆ ಇದರ ಮೇಲೆ ಆಸೆ ಇದೆ.

ಇನ್ನೂ ಒಂದು ದಾರಿಯಿದೆ. ಯಾವ ಒಂದು ವಸ್ತುವನ್ನೂ ಹುಡುಕದೆ, ಮೂತ್ರದಲ್ಲಿರುವ ನೂರಾರು ಸಣ್ಣ ರಾಸಾಯನಿಕಗಳನ್ನು ಒಟ್ಟಿಗೆ ಅಳೆದು, ಕಾಯಿಲೆ ಬರುವವರ ಮೂತ್ರ ಒಟ್ಟಾರೆ ಹೇಗೆ ಬೇರೆಯಾಗಿದೆ ಎಂದು ನೋಡುವುದು. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಮೊದಲ ಮೂರು ತಿಂಗಳ ಮೂತ್ರದಲ್ಲಿ ಹೀಗೆ ಹುಡುಕಿದಾಗ ಹಿಪ್ಪುರೇಟ್ ಎಂಬ ವಸ್ತು ಗಮನ ಸೆಳೆಯಿತು. ಆದರೆ ಹಿಪ್ಪುರೇಟ್ ನಾವು ತಿನ್ನುವ ಹಣ್ಣು ತರಕಾರಿ, ಕರುಳಿನ ಬ್ಯಾಕ್ಟೀರಿಯಾಗಳ ಮೇಲೂ ನಿಂತಿದೆ. ಟ್ರಾಂಡ್‌ಹೈಮ್‌ನ ಊಟಕ್ಕೂ ರಾಯಚೂರಿನ ಊಟಕ್ಕೂ ಒಂದೇ ಅಳತೆಗೋಲು ಹೊಂದುತ್ತದಾ ಎನ್ನುವುದು ಪ್ರಶ್ನೆ.

ಇಷ್ಟೆಲ್ಲ ಇದ್ದರೂ ಆಸ್ಪತ್ರೆಯಲ್ಲಿ ಯಾಕಿಲ್ಲ?

ಬಹಳಷ್ಟು ಅಧ್ಯಯನಗಳು ಚಿಕ್ಕವು. ಎಷ್ಟು ಬಂದರೆ ಜಾಸ್ತಿ, ಎಷ್ಟು ಬಂದರೆ ಕಡಿಮೆ ಎಂಬ ಗೆರೆಯನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆದಿದ್ದಾರೆ. ಬಸಿರಿನ ವಾರ ಬದಲಾದಂತೆ ಪ್ರಮಾಣವೂ ಬದಲಾಗುವುದರಿಂದ ಗರ್ಭದ ವಾರ ಸರಿಯಾಗಿ ಗೊತ್ತಿರಬೇಕು. ಮೊದಲ ಸ್ಕ್ಯಾನ್ ಮಾಡಿಸದೆ ಮುಟ್ಟಿನ ದಿನವೂ ನೆನಪಿಲ್ಲದವರ ವಿಷಯದಲ್ಲಿ ಅದೇ ಕಷ್ಟ.

ಈ ನಡುವೆ ರಕ್ತದ ಪರೀಕ್ಷೆ ಮುಂದೆ ಹೋಗಿಬಿಟ್ಟಿತು. ರಕ್ತದಲ್ಲಿ ಎಸ್‌ಎಫ್‌ಎಲ್‌ಟಿ-1 ಮತ್ತು ಪಿಎಲ್‌ಜಿಎಫ್ ಎರಡೂ ಸಿಗುತ್ತವೆ, ನೀರಿನಿಂದ ತೆಳುವಾಗುವ ರಗಳೆಯೂ ಇಲ್ಲ. 2016ರ ಒಂದು ದೊಡ್ಡ ಅಧ್ಯಯನದಲ್ಲಿ ಇವೆರಡರ ಅನುಪಾತ 38 ಅಥವಾ ಕಡಿಮೆ ಇದ್ದರೆ ಮುಂದಿನ ಒಂದು ವಾರ ಕಾಯಿಲೆ ಬರುವ ಸಂಭವ ಶೇಕಡಾ ಒಂದಕ್ಕಿಂತ ಕಡಿಮೆ ಎಂದು ಕಂಡಿತು. ಬ್ರಿಟನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ವೈದ್ಯರಿಗೆ ರಕ್ತದ ಪಿಎಲ್‌ಜಿಎಫ್ ಫಲಿತಾಂಶ ತೋರಿಸಿದಾಗ ಕಾಯಿಲೆ ಖಚಿತವಾಗಲು ಹಿಡಿಯುವ ಸಮಯ 4.1 ದಿನದಿಂದ 1.9 ದಿನಕ್ಕೆ ಇಳಿಯಿತು. ಅಲ್ಲಿನ ಸರ್ಕಾರಿ ಮಾರ್ಗಸೂಚಿಯಲ್ಲಿ ಈಗ ಈ ಪರೀಕ್ಷೆ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಅನುಪಾತದ ಪರೀಕ್ಷೆಗೆ ಅನುಮತಿ ಕೊಟ್ಟಿತು. ನಮ್ಮಲ್ಲಿ ದೊಡ್ಡ ಊರಿನ ಖಾಸಗಿ ಲ್ಯಾಬ್‌ಗಳಲ್ಲಿ ಸಿಗುತ್ತದೆ, ಆದರೆ ದುಬಾರಿ.

ಆದರೂ ಮೂತ್ರವನ್ನು ಬಿಡದೆ ಹಿಡಿದುಕೊಂಡವರಿದ್ದಾರೆ. ಸೂಜಿ ಬೇಡ, ಶೀತಲ ಪೆಟ್ಟಿಗೆ ಬೇಡ, ಆಶಾ ಕಾರ್ಯಕರ್ತೆ ಮನೆ ಬಾಗಿಲಲ್ಲೇ ನೋಡಬಹುದು, ಎಷ್ಟು ಸಲ ಬೇಕಾದರೂ ಮಾಡಬಹುದು.

ಹುಟ್ಟಿದ ಮಗುವಿನ ಮೂತ್ರ ಯಾಕೆ?

ತಾಯಿಗೆ ಬಿ.ಪಿ. ಏರಿದಾಗ ಬಹಳ ಸಲ ತಿಂಗಳು ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುತ್ತದೆ. ಮಾಸಿನಿಂದ ಸರಿಯಾಗಿ ರಕ್ತ ಸಿಗದೆ ಮಗು ಸಣ್ಣದಾಗಿಯೂ ಇರಬಹುದು. ಎರಡೂ ಮಗುವಿನ ಮೂತ್ರಪಿಂಡಕ್ಕೆ ನಷ್ಟ. ನಮ್ಮ ಸೋಸುವ ಘಟಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಯಾರಾಗುವುದು ಕೊನೆಯ ಮೂರು ತಿಂಗಳಲ್ಲಿ, ಸುಮಾರು 36 ವಾರಕ್ಕೆ ಆ ಕೆಲಸ ಮುಗಿಯುತ್ತದೆ. ಆಮೇಲೆ ಜೀವಮಾನದಲ್ಲಿ ಹೊಸದು ಒಂದೂ ಹುಟ್ಟುವುದಿಲ್ಲ. ಬೇಗ ಹುಟ್ಟಿದ ಮಗುವಿನಲ್ಲಿ ಹೊರಗೆ ಬಂದ ಮೇಲೂ ಕೆಲವು ವಾರ ಈ ಕೆಲಸ ಮುಂದುವರಿಯುತ್ತದೆ, ಆದರೆ ಪೂರ್ತಿ ಎಣಿಕೆ ಮುಟ್ಟುವುದು ಕಷ್ಟ.

ಹಾಗಾದರೆ ಮಗುವಿನ ರಕ್ತದ ಕ್ರಿಯಾಟಿನಿನ್ ನೋಡಿದರೆ ಸಾಕಲ್ಲ? ಸಾಲದು. ಕ್ರಿಯಾಟಿನಿನ್ ಮಾಸನ್ನು ದಾಟಿ ಆಚೀಚೆ ಓಡಾಡುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ರಕ್ತದಲ್ಲಿ ಸಿಗುವುದು ಹೆಚ್ಚಾಗಿ ತಾಯಿಯ ಲೆಕ್ಕ. ಮಗುವಿನ ಮೂತ್ರಪಿಂಡ ಹೇಗಿದೆ ಎಂದು ಅದು ಹೇಳುವುದಿಲ್ಲ. ಇದಕ್ಕೇ ಮೂತ್ರದ ಎನ್‌ಗ್ಯಾಲ್, ಕಿಮ್-1, ಸಿಸ್ಟಾಟಿನ್-ಸಿ ಎಂಬ ಇನ್ನೊಂದು ಪ್ರೋಟೀನ್ ಮೇಲೆ ಕಣ್ಣು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮತ್ತು ಭಾರತದ ಆಸ್ಪತ್ರೆಗಳು ಸೇರಿ ಮಾಡಿದ, 2017ರಲ್ಲಿ ಬಂದ ಅಧ್ಯಯನವೊಂದರಲ್ಲಿ ತೀವ್ರ ನಿಗಾ ಘಟಕದಲ್ಲಿದ್ದ 2022 ಶಿಶುಗಳ ಪೈಕಿ 605 ಮಕ್ಕಳಿಗೆ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಅವರ ತಾಯಂದಿರೆಲ್ಲರಿಗೂ ಪ್ರಿಎಕ್ಲಾಂಪ್ಸಿಯಾ ಇತ್ತು ಎಂದಲ್ಲ. ಎಳೆ ಮಕ್ಕಳಲ್ಲಿ ಈ ತೊಂದರೆ ಎಷ್ಟು ಸಾಮಾನ್ಯ ಎಂದು ಹೇಳಲು ಈ ಲೆಕ್ಕ.

ಇನ್ನೊಂದು ಕಾರಣವೂ ಇದೆ. ಮಗು ಹೊಟ್ಟೆಯೊಳಗೇ ಮೂತ್ರ ಮಾಡುತ್ತದೆ. ಐದನೇ ತಿಂಗಳ ನಂತರ ಅದರ ಸುತ್ತಲಿನ ನೀರಿನ ಬಹುಪಾಲು ಅದರದೇ ಮೂತ್ರ. ಹಾಗಾಗಿ ಹುಟ್ಟಿದ ಮೊದಲ ಗಂಟೆಗಳ ಮೂತ್ರದಲ್ಲಿ ಗರ್ಭದೊಳಗಿನ ಕೊನೆಯ ದಿನಗಳ ಸುದ್ದಿಯೂ ಒಂದಿಷ್ಟು ಇರಬಹುದು ಎಂಬ ಯೋಚನೆ. ತಾಯಿಯ ಮೂತ್ರವನ್ನೂ ಮಗುವಿನ ಮೂತ್ರವನ್ನೂ ಜೊತೆಗಿಟ್ಟು ನೋಡಿದರೆ, ಕಾಯಿಲೆ ಯಾರಿಗೆ ಎಷ್ಟು ತಟ್ಟಿತು ಎಂದು ತಿಳಿಯಬಹುದು.

ಹಿಡಿಯುವುದು ಮಾತ್ರ ಸುಲಭವಲ್ಲ. ಮಕ್ಕಳಿಗೆ ಅಂಟಿಸುವ ಸಣ್ಣ ಪ್ಲಾಸ್ಟಿಕ್ ಚೀಲ ಇದೆ. ಆದರೆ 28 ವಾರದ ಮಗುವಿನ ಚರ್ಮ ಅಂಟು ಕಿತ್ತರೆ ಅದರ ಜೊತೆಗೇ ಬಂದುಬಿಡುವಷ್ಟು ತೆಳು. ಅದಕ್ಕೇ ಡೈಪರ್ ಒಳಗೆ ಹತ್ತಿಯ ಉಂಡೆ ಇಟ್ಟು, ಒದ್ದೆಯಾದ ಮೇಲೆ ಅದನ್ನು ಸಿರಿಂಜಿಗೆ ತುಂಬಿ ಹಿಂಡುತ್ತಾರೆ. ಸಿಗುವುದು ಒಂದೆರಡು ಮಿಲಿಲೀಟರ್. ಅದರಲ್ಲಿ ಮಲ ಸೇರಿದ್ದರೆ ಅದೂ ವ್ಯರ್ಥ.

ಫಲಿತಾಂಶ ಓದುವುದು ಇನ್ನೂ ಕಷ್ಟ. ಎನ್‌ಗ್ಯಾಲ್ ಅನ್ನು ಬಿಳಿ ರಕ್ತಕಣಗಳೂ ತಯಾರಿಸುತ್ತವೆ. ಹಾಗಾಗಿ ಮಗುವಿಗೆ ಸೋಂಕಾದರೂ ಏರುತ್ತದೆ. ಹೆಣ್ಣು ಮಕ್ಕಳಲ್ಲಿ ಗಂಡು ಮಕ್ಕಳಿಗಿಂತ ಜಾಸ್ತಿ, ತಿಂಗಳು ತುಂಬದವರಲ್ಲಿ ತುಂಬಿದವರಿಗಿಂತ ಜಾಸ್ತಿ. ಕ್ರಿಯಾಟಿನಿನ್‌ನಿಂದ ಭಾಗಿಸೋಣ ಎಂದರೆ ಮಗುವಿನ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಬದಲಾಗುತ್ತಿರುತ್ತದೆ. ತಾಯಿಯ ವಿಷಯದಲ್ಲಿ ನಂಬಿದ ಲೆಕ್ಕ ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಹೀಗಾಗಿ ಸದ್ಯ ಇವೆಲ್ಲ ಸಂಶೋಧನೆಯ ಮಟ್ಟದಲ್ಲಿವೆ. ನಿಮ್ಮ ಮಗುವಿಗೆ ಈ ಪರೀಕ್ಷೆ ಬರೆದುಕೊಟ್ಟಿಲ್ಲ ಎಂದರೆ ಡಾಕ್ಟರು ಏನೋ ಬಿಟ್ಟರು ಎಂದಲ್ಲ.

ಸದ್ಯಕ್ಕೆ ಕೈಯಲ್ಲಿರುವುದು ಏನು?

ಬಿ.ಪಿ. ಪಟ್ಟಿ ಮತ್ತು ಮೂತ್ರದ ಪಟ್ಟಿ. ತಾಯಿ ಕಾರ್ಡ್‌ನಲ್ಲಿ ಎರಡನ್ನೂ ಬರೆಯಲು ಜಾಗ ಇರುತ್ತದೆ. ಒಂದು ಸಲವೂ ಖಾಲಿ ಬಿಡದಂತೆ ಕೇಳಿ ಬರೆಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ವೈದ್ಯರೇ ಉಚಿತವಾಗಿ ಈ ತಪಾಸಣೆ ಮಾಡುತ್ತಾರೆ.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಸೇರಿಕೊಂಡು ‘ಕ್ಲಿಪ್’ ಎಂಬ ಪ್ರಯೋಗ ನಡೆಸಿತ್ತು. ಆಶಾ ಕಾರ್ಯಕರ್ತೆಯರು, ಎಎನ್‌ಎಂಗಳು ಮನೆಮನೆಗೆ ಹೋಗಿ ಬಿ.ಪಿ. ನೋಡಿ, ಟ್ಯಾಬ್‌ನಲ್ಲಿ ಅಪಾಯ ಲೆಕ್ಕ ಹಾಕುವ ವ್ಯವಸ್ಥೆ ಅದು. ಪಾಕಿಸ್ತಾನ, ಮೊಜಾಂಬಿಕ್ ಸೇರಿಸಿ 2020ರಲ್ಲಿ ಬಂದ ಒಟ್ಟು ಫಲಿತಾಂಶದಲ್ಲಿ ತಾಯಿ ಮಕ್ಕಳ ಸಾವು ನೋವು ಇಳಿದದ್ದು ಕಾಣಲಿಲ್ಲ. ಮನೆಯಲ್ಲಿ ಕಾಯಿಲೆ ಹಿಡಿದರೂ ಮುಂದಿನ ಆಸ್ಪತ್ರೆಯಲ್ಲಿ ವ್ಯವಸ್ಥೆ ಇಲ್ಲದಿದ್ದರೆ ಲಾಭ ಅಷ್ಟಕ್ಕಷ್ಟೇ. ಹೊಸ ಮೂತ್ರ ಪರೀಕ್ಷೆ ಬಂದರೂ ಈ ಮಾತು ಅನ್ವಯಿಸುತ್ತದೆ.

ತಡೆಯಲು ಎರಡು ಅಗ್ಗದ ಮಾತ್ರೆಗಳಿವೆ. ಅಪಾಯ ಹೆಚ್ಚಿರುವವರಿಗೆ 16 ವಾರಕ್ಕೆ ಮೊದಲು ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡುತ್ತಾರೆ. ದಿನಕ್ಕೆ 150 ಮಿಲಿಗ್ರಾಂ ಕೊಟ್ಟು ನೋಡಿದ 2017ರ ಪ್ರಯೋಗದಲ್ಲಿ 37 ವಾರಕ್ಕೆ ಮೊದಲು ಬರುವ ಕಾಯಿಲೆ ಶೇ. 62ರಷ್ಟು ಇಳಿಯಿತು. ಯಾರಿಗೆ ಬೇಕು ಎನ್ನುವುದನ್ನು ಡಾಕ್ಟರು ಹೇಳಬೇಕು, ಅಂಗಡಿಯಿಂದ ತಂದು ನುಂಗುವಂಥದ್ದಲ್ಲ. ಇನ್ನೊಂದು ಕ್ಯಾಲ್ಸಿಯಂ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಚೊಚ್ಚಲು ಬಸುರಿಯರಾದ 11,000 ಮಂದಿಯಲ್ಲಿ ದಿನಕ್ಕೆ 500 ಮಿಲಿಗ್ರಾಂ ಮತ್ತು 1500 ಮಿಲಿಗ್ರಾಂ ಹೋಲಿಸಿ 2024ರಲ್ಲಿ ಪ್ರಕಟಿಸಿದರು. ಕಡಿಮೆ ಡೋಸಿನವರಲ್ಲಿ ಶೇ. 3.0, ಹೆಚ್ಚು ಡೋಸಿನವರಲ್ಲಿ ಶೇ. 3.6 ಮಂದಿಗೆ ಪ್ರಿಎಕ್ಲಾಂಪ್ಸಿಯಾ ಬಂತು. ಅಂದರೆ ಕಡಿಮೆ ಡೋಸ್ ಕೂಡ ಅಷ್ಟೇ ಕೆಲಸ ಮಾಡುತ್ತದೆ.

ಕಾಯಿಲೆ ತೀವ್ರವಾದರೆ ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಡುತ್ತಾರೆ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ನಡೆದ 2002ರ ಪ್ರಯೋಗದಲ್ಲಿ ಅದು ಫಿಟ್ಸ್ ಅಪಾಯವನ್ನು ಅರ್ಧಕ್ಕಿಂತ ಕೆಳಗೆ ತಂದಿತು.

ಪರೀಕ್ಷೆಯ ತಾರೀಖಿಗೆ ಕಾಯಬಾರದ ಲಕ್ಷಣಗಳು: ಮಾತ್ರೆಗೂ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚಿದಂತಾಗುವುದು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಏದುಸಿರು, ಮೂತ್ರ ಕಡಿಮೆಯಾಗುವುದು, ಮಗುವಿನ ಮಿಸುಕಾಟ ತಗ್ಗುವುದು. ಪಕ್ಕೆಯ ಆ ನೋವನ್ನು ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗುವವರು ತುಂಬಾ. ಬಿ.ಪಿ. 160/110 ಮುಟ್ಟಿದರೆ ಏನೂ ಅನಿಸದಿದ್ದರೂ ಅದು ತುರ್ತು. 108ಕ್ಕೆ ಫೋನ್ ಮಾಡಿ.

ಹೆರಿಗೆ ಆದ ಮೇಲೆ

ಮಾಸು ಹೊರಬಿದ್ದ ಮೇಲೆ ಕಾಯಿಲೆ ಇಳಿಯುತ್ತದೆ, ಆದರೆ ಆ ಕ್ಷಣಕ್ಕೇ ಅಲ್ಲ. ಬಿ.ಪಿ. ಹೆರಿಗೆಯಾದ ಮೂರರಿಂದ ಆರನೇ ದಿನದಲ್ಲಿ ಮತ್ತೆ ಏರುವುದುಂಟು. ಅಷ್ಟು ಹೊತ್ತಿಗೆ ಬಾಣಂತಿ ಮನೆ ಸೇರಿರುತ್ತಾಳೆ. ಆರು ವಾರದವರೆಗೂ ಹೊಸದಾಗಿ ಕಾಣಿಸಿಕೊಳ್ಳಬಹುದು. ಹಾಗಾಗಿ ಬಾಣಂತಿಗೆ ತಲೆನೋವು ಎಂದರೆ ಕಿವಿಗೆ ಗಾಳಿ ಹೋಗಿದೆ ಎಂದು ಕೂರದೆ ಬಿ.ಪಿ. ನೋಡಿಸಬೇಕು.

ಮೂತ್ರದ ಪ್ರೋಟೀನ್ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಹೋಗುತ್ತದೆ. ಆಮೇಲೂ ಉಳಿದರೆ ಮೊದಲೇ ಮೂತ್ರಪಿಂಡದ ಕಾಯಿಲೆ ಇತ್ತಾ ಎಂದು ನೋಡಬೇಕಾಗುತ್ತದೆ. ಈ ಕಾಯಿಲೆ ಬಂದವರಿಗೆ ಮುಂದೆ ಬಿ.ಪಿ., ಹೃದಯದ ತೊಂದರೆ ಬರುವ ಸಂಭವ ಸುಮಾರು ಎರಡು ಪಟ್ಟು ಅಥವಾ ಹೆಚ್ಚು. ಮಕ್ಕಳಲ್ಲೂ ಬಿ.ಪಿ. ಸರಾಸರಿ 2 ಪಾಯಿಂಟ್‌ನಷ್ಟು ಜಾಸ್ತಿ ಇರುತ್ತದೆ ಎಂದು ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಗೊತ್ತಾಗಿದೆ. ಒಬ್ಬ ಮಗುವಿನ ಮಟ್ಟಿಗೆ ಅದು ಗಾಬರಿ ಬೀಳುವ ಅಂಕಿಯಲ್ಲ. ಮೂರು ವರ್ಷ ತುಂಬಿದ ಮೇಲೆ ಮಕ್ಕಳ ಡಾಕ್ಟರ ಬಳಿ ಹೋದಾಗ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿದರೆ ಸಾಕು. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಅದಕ್ಕಿಂತ ಮೊದಲೇ. ಡಿಸ್ಚಾರ್ಜ್ ಹಾಳೆಯಲ್ಲಿ ಕಾಯಿಲೆಯ ಹೆಸರು, ಎಷ್ಟನೇ ವಾರದಲ್ಲಿ ಶುರುವಾಯಿತು, ಮಗುವಿನ ತೂಕ ಎಷ್ಟು ಎಂಬ ಮೂರೂ ಇವೆಯಾ ನೋಡಿಕೊಂಡು ಎತ್ತಿಡಿ. ಮುಂದಿನ ಬಸಿರಲ್ಲಿ ಆಸ್ಪಿರಿನ್ ಬೇಕಾ ಎಂದು ತೀರ್ಮಾನಿಸಲು ಡಾಕ್ಟರು ಮೊದಲು ಕೇಳುವುದು ಆ ಹಾಳೆಯನ್ನೇ.